ಮೀಸೆ ಉಳಿದ ಶುಕ್ರವಾರ

ಅಪ್ಪ ತೀರಿಕೊಂಡ ಹತ್ತನೆಯ ದಿನ ಇಂದ್ರಾಯಣಿ ನದಿಯ ಘಾಟಿನಲ್ಲಿ ನಾವಿದ ನನ್ನ ತಲೆ ಬೋಳಿಸಿ, ಕೇಳದೆಯೇ ಮೀಸೆಗೂ ಕತ್ತಿ ಇಟ್ಟ. ಆಗ ನನಗೆ ಇಪ್ಪತ್ತೆರಡು. ಪುಣೆಯ ಹತ್ತಿರದ ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪೈಪು ಜೋಡಿಸುವ ಕೆಲಸ. ನಾನೂ ಒಬ್ಬ ಗಂಡಸು ಎಂದು ಹೇಳಿಕೊಳ್ಳಲು ನನ್ನ ಬಳಿ ಇದ್ದದ್ದು ಆ ಮೀಸೆಯೊಂದೇ. ಅದು ಮತ್ತೆ ಬೆಳೆದು ಮೊದಲಿನ ಹಾಗಾದ ಮೇಲೆ ಒಂದು ದಿನ ಅವ್ವ ನನ್ನ ತಾಟಿಗೆ ರೊಟ್ಟಿ ಹಾಕುತ್ತ ಮುಖ ನೋಡಿದಳು.

“ಬಂತೇನಪಾ ನಿನ್ನ ಮೀಸಿ? ಜ್ವಾಕಿ ಮಾಡು. ಇನ್ನೊಮ್ಮಿ ಇದನ್ನ ತಗೀಬೇಕಂದ್ರ ನಾ ಹೋಗಬೇಕು.”

ಅಕ್ಕ ಸಿಟ್ಟಾದಳು. “ತಾಟಿನ ಮುಂದ ಕುಂತು ಎಂಥಾ ಮಾತು ಆಡ್ತೀಯವಾ?”

“ಸುಳ್ಳೇನು ಹೇಳೀನಿ? ಹಡದವರು ಇರೂತನಾ ಮೀಸಿ ತಗಸಬಾರದು. ನಿಮ್ಮಪ್ಪಂದು ಮುಗೀತು. ಉಳದಾಕಿ ನಾ ಒಬ್ಬಾಕಿ.”

ನಮ್ಮಲ್ಲಿ ಇದು ಎಲ್ಲರಿಗೂ ತಿಳಿದ ಮಾತು. ಹರಕೆ ಹೊತ್ತವನು ದೇವರಿಗೆ ತಲೆಗೂದಲು ಕೊಡಬಹುದು, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ತಲೆಯ ಜೊತೆ ಮೀಸೆಯೂ ಹೋದರೆ, ಎದುರಿಗೆ ಬಂದವರು ಕೇಳುವ ಮೊದಲ ಪ್ರಶ್ನೆ, “ಯಾರು, ಅಪ್ಪನೋ ಅವ್ವನೋ?” ಎಂದು. ಈ ಒಂದು ಸಂಗತಿ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿಯೇ ತಿಳಿಯುತ್ತದೆ.

ಭೀಮಾ ನದಿಯ ಆಚೆ ದಂಡೆಯಿಂದ ಅಪ್ಪ ಪುಣೆಗೆ ಬಂದದ್ದು ಕಾರ್ಖಾನೆಗಳ ಶೆಡ್ಡು ಕಟ್ಟುವ ಕೂಲಿಯಾಗಿ. ನಾವು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಬಂದದ್ದು ಮನೆಯ ಹಿರಿಯರ ಬಾಯಿಂದ. ಅಜ್ಜ ಪಾಟಿಯ ಮೇಲೆ ಅಕ್ಷರ ತಿದ್ದಿಸಿದ, ಅಜ್ಜಿ ಮಾತು ಕಲಿಸಿದಳು. ಆಕೆಯದೊಂದು ಮಾತಿದೆ: “ಸಾವಿರ ಸುಳ್ಳು ಹೇಳಿ ಒಂದು ಮದಿವಿ ಮಾಡು ಅಂತಾರ. ಮಾಡು. ಆದ್ರ ಸತ್ತ ಮನಿಯಾಗ ಒಂದೂ ಹೇಳಬ್ಯಾಡ. ಮದಿವಿ ಸುಳ್ಳು ಚಪ್ಪರದ ಜೋಡಿ ಬಿಚ್ಚಿ ಹೋಗತದ. ಸಾವಿನ ಸುಳ್ಳು ಮನಿಯಾಗ ಕೂತು ಉಣ್ಣತದ.” ಅದು ಉಣ್ಣುವುದನ್ನು ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಂಡೆ.

ತೊಂಬತ್ತರ ದಶಕದ ಕೊನೆಗೆ ನಮ್ಮ ಕಾರ್ಖಾನೆ ಬಾಗಿಲು ಮುಚ್ಚಿತು. ನಾನು ಎರಡು ವರ್ಷದ ಕರಾರಿನ ಮೇಲೆ ಒಮಾನ್ ದೇಶಕ್ಕೆ ಹೋದೆ. ಮದುವೆ ಇನ್ನೂ ಆಗಿರಲಿಲ್ಲ. ಅವ್ವ ಭೋಸರಿಯ ಸಾಲುಮನೆಗಳ ಚಾಳಿನಲ್ಲೇ, ಅಕ್ಕ ಮತ್ತು ಭಾವನ ಹತ್ತಿರ ಉಳಿದಳು. ಹೊರಡುವಾಗಲೇ ಆಕೆಗೆ ಉಸಿರಾಟದ ತೊಂದರೆ ಇತ್ತು. ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. “ಹೋಗಿ ಬಾ, ನಾ ಎಲ್ಲಿಗೂ ಹೋಗಂಗಿಲ್ಲ” ಎಂದಳು. ಬಸ್ಸು ಹತ್ತುವ ತನಕ ಅಕ್ಕ ಬಂದಿದ್ದಳು. “ಆಕಿನ್ನ ನಾ ನೋಡಕೋತೀನಿ, ನೀ ಬರೇ ನೆಪ್ಪಿಡು” ಅಂದಳು. ಅಕ್ಕ ಬೇಡಿದ್ದು ಅಷ್ಟೇ.

ನಮ್ಮ ಕೆಲಸದ ಜಾಗ ಸಮುದ್ರದಿಂದ ನಾಲ್ಕು ತಾಸು ಒಳಗೆ, ಬರೀ ಕಲ್ಲು ಮತ್ತು ಬಿಸಿಲಿನ ನಡುವೆ ಒಂದು ಗ್ಯಾಸಿನ ಕಾರ್ಖಾನೆ. ಒಂದು ಕೋಣೆಯಲ್ಲಿ ಮೂವರು ಇದ್ದೆವು. ಮೊದಲನೆಯವರು ಕಾಕಾ. ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಮನೆ ಮಾಡಿದ ಆಳಂದ ಕಡೆಯ ಮನುಷ್ಯ, ಅರವತ್ತರ ಹತ್ತಿರ, ಆಫೀಸಿನಲ್ಲಿ ಹಾಜರಿ ಬರೆಯುವ ಕೆಲಸ. ಇನ್ನೊಬ್ಬ ಭೋಸರಿಯವನೇ ಆದ ವೆಲ್ಡರ್. ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೂರನೆಯವನು ನಾನು. ಮೂವರೂ ಮನೆಮಾತು ಆಡುವವರು. ಪರದೇಶದಲ್ಲಿ ಅದಕ್ಕಿಂತ ದೊಡ್ಡ ಸುಖ ಇರಲಿಲ್ಲ.

ಹೋದ ಮರುವರ್ಷ ಇಡೀ ಕಾರ್ಖಾನೆ ನಿಲ್ಲಿಸಿ ದುರಸ್ತಿ ಮಾಡುವ ಕಾಲ ಬಂತು. ಹನ್ನೆರಡು ದಿನ, ದಿನಕ್ಕೆ ಹನ್ನೆರಡು ತಾಸು ಕೆಲಸ, ರಜೆ ಇಲ್ಲ. ನನ್ನ ಜಾಗ ಚಿಮಣಿಯ ಸುತ್ತ ಕಟ್ಟಿದ ಕಬ್ಬಿಣದ ಅಟ್ಟಣಿಗೆಯ ಮೇಲೆ, ಆರು ಮಾಳಿಗೆಯಷ್ಟು ಎತ್ತರದಲ್ಲಿ. ಆ ಹನ್ನೆರಡು ದಿನಗಳಲ್ಲಿ ಒಂದು ಬುಧವಾರ ಆಫೀಸಿಗೆ ಫೋನ್ ಬಂತು. ಎತ್ತಿದ್ದು ಕಾಕಾ. ಭೋಸರಿಯ ಎಸ್‌ಟಿಡಿ ಬೂತಿನಿಂದ ಅಕ್ಕ. ಬೆಳಗಿನ ಜಾವ ಅವ್ವ ತೀರಿಕೊಂಡಿದ್ದಳು.

ಕಾಕಾ ಕಿಟಕಿಯಿಂದ ಹೊರಗೆ ನೋಡಿದರಂತೆ. ನಾನು ಮೇಲೆ ಇರುವೆಯಷ್ಟು ಕಾಣುತ್ತಿದ್ದೆ. ಹಿಂದೊಮ್ಮೆ ಅವರ ಕಣ್ಣೆದುರೇ ಬೀದರ ಕಡೆಯ ಒಬ್ಬ ಹುಡುಗನಿಗೆ ಊರಿಂದ ಸಾವಿನ ಸುದ್ದಿ ಬಂದಿತ್ತು. ಅವನು ಅಳಲಿಲ್ಲ, ಮಾರನೆಯ ದಿನ ಎಂದಿನಂತೆ ಮೇಲೆ ಹತ್ತಿದ. ಮಧ್ಯಾಹ್ನ ಕೆಳಗೆ ಬಿದ್ದ. ಪಾಸ್‌ಪೋರ್ಟು ಕಂಪನಿಯ ಪೆಟ್ಟಿಗೆಯಲ್ಲಿರುತ್ತದೆ, ದುರಸ್ತಿ ಮುಗಿಯದೆ ಯಾರನ್ನೂ ಬಿಡುವುದಿಲ್ಲ ಎಂಬುದೂ ಕಾಕಾಗೆ ಗೊತ್ತಿತ್ತು. ಅವರು ಅಕ್ಕನಿಗೆ ಹೇಳಿದರು: “ತಾಯಿ, ಅಂವಾ ಈಗ ಮ್ಯಾಲಿದ್ದಾನ. ಕೆಳಗ ಇಳಿಯೂತನಾ ನಾ ಹೇಳಂಗಿಲ್ಲ. ಬರೂ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಸೂಟಿ ಅದ. ಅವತ್ತ ಹೇಳತೀನಿ.”

ಅಕ್ಕ ಬೆರಳು ಮಡಚಿ ಎಣಿಸಿದಳು. ಬುಧವಾರದಿಂದ ಎಣಿಸಿದರೆ ಆ ಶುಕ್ರವಾರ ಹತ್ತನೆಯ ದಿನ. ಒಪ್ಪಿದಳು. ಆದರೆ ಒಂದು ಮಾತು ತೆಗೆದುಕೊಂಡಳು. “ಅವತ್ತ ಅವನ ಕೈಲೆ ನೀರ ಬಿಡಸ್ರಿ ಕಾಕಾ. ತಲಿ ತಗಸಿ, ಮುಣಗಿಸಿ, ನೀರ ಬಿಡಸ್ರಿ. ಕೊಳ್ಳಿ ಇಡಾಕಂತೂ ಆಗಲಿಲ್ಲ. ಅಷ್ಟರೆ ಆಕಿಗೆ ಮುಟ್ಟಲಿ.”

“ನಂದು ಜವಾಬ್ದಾರಿ” ಎಂದರು ಕಾಕಾ.

ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಈಗ ಮೊದಲೇ ಹೇಳಿಬಿಡುತ್ತಿದ್ದೇನೆ. ಏಕೆಂದರೆ ಆ ಶುಕ್ರವಾರದ ಸುಖವನ್ನು ಸುಖದಂತೆ ಹೇಳುವ ಧೈರ್ಯ ನನಗಿಲ್ಲ.

ಗುರುವಾರ ಸಂಜೆ ಕಾರ್ಖಾನೆ ಮತ್ತೆ ಶುರುವಾಯಿತು. ಮೈಯೆಲ್ಲ ಗ್ರೀಸು, ಕಣ್ಣೊಳಗೆ ಮರಳು. ಕಾಕಾ ಅಂದರು, “ನಾಳೆ ಮೂವರೂ ಮಸ್ಕತ್ತಿಗೆ ಹೋಗೂಣು. ಸಮುದ್ರ ನೋಡಿ ಬರೂಣು.” ಸ್ವಲ್ಪ ಹೊತ್ತು ಬಿಟ್ಟು, “ನಿಮ್ಮವ್ವಗ ಏನು ಸೇರತದಪಾ ಉಣ್ಣಾಕ?” ಎಂದು ಕೇಳಿದರು.

“ಗೋದಿ ಹುಗ್ಗಿ. ಯಾಕ ಕಾಕಾ?”

“ಹಂಗ ಕೇಳಿದೆ. ಮಾಡಿಕೊಂಡು ಒಯ್ಯೂಣಂತ.”

ಕಾಕಾ ಮೆಸ್ಸಿನ ಒಲೆಯ ಮುಂದೆ ನಿಂತು ತಾವೇ ಹುಗ್ಗಿ ಮಾಡಿದರು. ವೆಲ್ಡರ್ ಅಂದು ಒಂದೂ ಚೇಷ್ಟೆಯ ಮಾತು ಆಡಲಿಲ್ಲ. ದಣಿದಿದ್ದಾನೆ ಎಂದುಕೊಂಡೆ.

ನಸುಕಿನಲ್ಲೇ ಕಂಪನಿಯ ಪಿಕಪ್ ಗಾಡಿಯಲ್ಲಿ ಹೊರಟೆವು. ವೆಲ್ಡರ್ ಓಡಿಸಿದ. ಬೋಳು ಬೆಟ್ಟಗಳ ನಡುವೆ ರಸ್ತೆ ತಿರುಗಿ ತಿರುಗಿ ಇಳಿಯಿತು. ಕೊನೆಯ ತಿರುವಿನಲ್ಲಿ ಒಮ್ಮೆಲೇ ನೀಲಿ ಕಂಡಿತು. ಪುಣೆಯವನಿಗೆ ನೀರೆಂದರೆ ಇಂದ್ರಾಯಣಿ, ಪವನಾ. ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯವನು ತಿರುಗಿ ನೋಡುವಂಥ ನದಿಗಳು. ಮುಂಬೈಯಿಂದ ವಿಮಾನ ಹತ್ತುವಾಗ ಮೇಲಿನಿಂದ ಸಮುದ್ರ ಕಂಡಿದ್ದೆನೇ ಹೊರತು ಅದರ ಹತ್ತಿರ ನಿಂತಿರಲಿಲ್ಲ. ಗಾಡಿ ನಿಲ್ಲಿಸಲು ಹೇಳಿ ಇಳಿದು ನಿಂತೆ. ಗಾಳಿ ಉಪ್ಪುಪ್ಪಾಗಿತ್ತು. ಹನ್ನೆರಡು ದಿನ ಕಬ್ಬಿಣದ ವಾಸನೆ ಕುಡಿದ ಮೂಗಿಗೆ ಅದು ಮದ್ದಿನ ಹಾಗೆ ಹತ್ತಿತು.

ಮತ್ರಾ ಅನ್ನುವುದು ಮಸ್ಕತ್ತಿನ ಹಳೆಯ ಬಂದರು. ಬಿಳಿ ಮನೆಗಳ ಸಾಲು, ಅವುಗಳ ಮುಂದೆ ಬಿಲ್ಲಿನ ಹಾಗೆ ಬಾಗಿದ ದಂಡೆಯ ರಸ್ತೆ, ಹಿಂದೆ ಗೋಡೆಯಂತೆ ನಿಂತ ಬೆಟ್ಟ. ಮೀನಿನ ದೋಣಿಗಳು ಬಂದು ನಿಂತಿದ್ದವು. ನೀರಿನ ಕಡೆ ಮುಖ ಮಾಡಿದ ಕಟ್ಟೆಯ ಮೇಲೆ ಕುಳಿತು ಏಲಕ್ಕಿ ಹಾಕಿದ ಚಹಾ ಕುಡಿದೆವು. ಯಾರೂ “ಏಳು” ಅನ್ನುವವರಿರಲಿಲ್ಲ, ಸೀಟಿ ಊದುವವರಿರಲಿಲ್ಲ. ಎರಡನೆಯ ಚಹಾ ಕುಡಿದು ಅಲ್ಲೇ ಕಟ್ಟೆಗೆ ಒರಗಿ ಕಾಲು ಚಾಚಿದೆ. ಬಿಸಿಲು ಇನ್ನೂ ಎಳೆಯದಿತ್ತು. ಯಾವಾಗ ನಿದ್ದೆ ಹತ್ತಿತೋ ತಿಳಿಯದು. ಎಚ್ಚರಾದಾಗ ಕಾಕಾ ನನ್ನ ಮುಖಕ್ಕೆ ಬಿಸಿಲು ಬೀಳದ ಹಾಗೆ ಟವೆಲು ಹಿಡಿದು ಕುಳಿತಿದ್ದರು.

“ಎಬ್ಬಸಬೇಕಿಲ್ಲೇನು ಕಾಕಾ?”

“ಮಲಗಲಿ ಬಿಡು ಅಂದೆ. ಮುಂದ ನಿದ್ದಿ ಎಲ್ಲಿ ಬರತದ.”

ಮತ್ತೆ ಕೆಲಸ ಶುರುವಾಗುವುದನ್ನು ನೆನೆಸಿ ಹಾಗೆ ಅಂದರೆಂದು ತಿಳಿದೆ.

ಆಮೇಲೆ ವೆಲ್ಡರ್ ತನ್ನ ಹರಕೆಯ ಮಾತು ತೆಗೆದ. ದುರಸ್ತಿ ಯಾರ ಕೈಕಾಲೂ ಮುರಿಯದೆ ಮುಗಿದರೆ ಮೂವರ ತಲೆಗೂದಲು ತಿರುಪತಿಯ ವೆಂಕಪ್ಪನಿಗೆ ಎಂದು ಹರಕೆ ಹೊತ್ತಿದ್ದನಂತೆ.

“ನಂದು ಯಾಕ ಹೊತ್ತಿ?” ಅಂದೆ.

“ಎತ್ತರದಾಗ ಇದ್ದಾಂವ ನೀನು. ನನ್ನ ಒಬ್ಬನ ಕೂದಲಾ ಕೊಟ್ಟು ನಿನ್ನ ಜೀವಾ ಕೇಳಿದ್ರ ದೇವರು ನಗಂಗಿಲ್ಲೇನು?”

ಸಂತೆಯ ಓಣಿಯಲ್ಲಿ ಒಬ್ಬ ಗುಜರಾತಿ ನಾವಿದನ ಅಂಗಡಿ ತೆರೆದಿತ್ತು. ಮೊದಲು ಕಾಕಾ ಕುಳಿತರು, ಆಮೇಲೆ ವೆಲ್ಡರ್. ಅವರಿಬ್ಬರಿಗೂ ಮೊದಲೇ ಮೀಸೆ ಇರಲಿಲ್ಲ. ನಾನು ಕುಳಿತೆ. ತಲೆ ಮುಗಿಸಿ ನಾವಿದ ಮೇಲ್ತುಟಿಗೆ ಸಾಬೂನು ಹಚ್ಚಲು ಬಂದ. ನಾನು ಅವನ ಕೈ ಹಿಡಿದೆ.

“ಇದು ಬ್ಯಾಡ ಅಂತ ಹೇಳ್ರಿ ಕಾಕಾ ಇವಗ.”

ಕಾಕಾ ಬಾಗಿಲ ಕಡೆ ನೋಡುತ್ತಿದ್ದರು. “ತಗಸು ಬಿಡು. ಬೆವರಿಗೆ ತುರಿಸತದ.”

“ಅವ್ವ ಇದ್ದಾಳ್ರಿ ಕಾಕಾ” ಎಂದು ನಕ್ಕು, ಅವ್ವ ರೊಟ್ಟಿ ಹಾಕುವಾಗ ಆಡಿದ ಮಾತನ್ನು ಆಕೆಯ ದನಿಯಲ್ಲೇ ಆಡಿ ತೋರಿಸಿದೆ. ಇನ್ನೊಮ್ಮಿ ಇದನ್ನ ತಗೀಬೇಕಂದ್ರ ನಾ ಹೋಗಬೇಕು. ವೆಲ್ಡರ್ ಎದ್ದು ಹೊರಗೆ ಹೋದ. ಕಾಕಾ ನಾವಿದನಿಗೆ, “ರೆಹನೇ ದೋ” ಅಂದರು. ಬಿಡು ಎಂದು.

ಇದ್ದದ್ದು ಒಂದೇ ಮಾತು, ಆಡಲು ಅದಕ್ಕಿಂತ ಸರಿಯಾದ ಗಳಿಗೆ ಕಾಕಾಗೆ ಮತ್ತೆ ಸಿಗಲಿಲ್ಲ. ಅವರಿಗೂ ಅದು ಗೊತ್ತಿತ್ತು. ಮುಂದೆ ಎಷ್ಟೋ ಸಲ ಅದನ್ನೇ ಹೇಳಿಕೊಂಡು ಹಣೆ ಬಡಿದುಕೊಂಡರು.

ಊರಿನಾಚೆ ಎರಡು ಬೆಟ್ಟದ ಸಂದಿಯಲ್ಲಿ ಒಂದು ಸಣ್ಣ ಮರಳುದಂಡೆ. ಜನ ಇರಲಿಲ್ಲ. ಮೊಣಕಾಲ ತನಕ ನೀರಿಗಿಳಿದು ನಾನು ಎಮ್ಮೆಯ ಹಾಗೆ ಕುಳಿತುಬಿಟ್ಟೆ. ಅಲೆ ಬಂದು ಎದೆಗೆ ಬಡಿದು ಹೋಗುತ್ತಿತ್ತು. ಬೋಳು ತಲೆಗೆ ನೀರು ಬಿದ್ದಾಗ ಆಗುವ ತಂಪು ಬೇರೆ. ಬಾಯಿಗೆ ಉಪ್ಪು ಹೋಗಿ ಕೆಮ್ಮಿದೆ, ನಕ್ಕೆ, ವೆಲ್ಡರನ ಕಾಲು ಎಳೆದು ಬೀಳಿಸಿದೆ. ಕಾಕಾ ಧೋತರ ಎತ್ತಿ ಕಟ್ಟಿಕೊಂಡು ನೀರಿಗೆ ಬಂದರು.

“ಮೂರು ಸಲ ಮುಣಗು” ಅಂದರು. ಮುಳುಗಿದೆ.

“ಈಗ ತೆಂಕಣಕ್ಕ ಮಾರಿ ಮಾಡು. ಬೊಗಸಿಯೊಳಗ ನೀರ ತಗೊಂಡು ನಿಮ್ಮವ್ವನ ಹೆಸರು ಹೇಳಿ ಬಿಡು.”

“ಇದೇನು ಕಾಕಾ?”

ಅವರ ಬಾಯಿ ತೆರೆದಿತ್ತು. ಅಲೆಯೊಂದು ಬಂದು ಹೋಯಿತು. “ಪರದೇಶದಾಗ ಇದ್ದ ಮಗಾ ಸಮುದ್ರಕ್ಕ ನಿಂತು ಹಿಂಗ ಬಿಟ್ರ, ಹಡದಾಕಿಗೆ ಆಯುಷ್ಯ ಹೆಚ್ಚಗಿ ಆಗತದಂತ” ಎಂದರು.

ನಾನು ಬಿಟ್ಟೆ. ಭಕ್ತಿಯಿಂದಲೇ ಬಿಟ್ಟೆ. ಅವ್ವನ ಹೆಸರು ಹೇಳಿ, ಆಕೆಯ ಉಸಿರು ಸಲೀಸಾಗಲಿ, ನಾನು ಹೋಗುವ ತನಕ ಇರಲಿ ಎಂದು ಬೇಡಿಕೊಂಡು ಮೂರು ಬೊಗಸೆ ನೀರು ಬಿಟ್ಟೆ. ಸತ್ತವಳಿಗೆ ಆಯುಷ್ಯ ಬೇಡಿದವನು ಈ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಊಟಕ್ಕೆ ಕುಳಿತೆವು. ಕಾಕಾ ಡಬ್ಬಿ ತೆಗೆದು ಮೊದಲು ಒಂದು ಹಿಡಿ ಹುಗ್ಗಿಯನ್ನು ಬಂಡೆಯ ಮೇಲೆ ಇಟ್ಟು ದೂರ ಸರಿದು ನಿಂತರು. ಆ ಊರಲ್ಲಿ ಕಾಗೆಗಳು ಬಹಳ, ನಮ್ಮ ಕಡೆಯವೇ ಎನ್ನುವಂಥವು. ಒಂದು ಬಂದು ಬಂಡೆಯ ಅಂಚಿನಲ್ಲಿ ಕುಳಿತು ಕೊರಳು ಹೊರಳಿಸಿತು. ಹಸಿವೆಯಾಗಿದ್ದ ನಾನು, ಕಷ್ಟಪಟ್ಟು ಮಾಡಿದ ಹುಗ್ಗಿ ಕಾಗೆಯ ಪಾಲಾಗುತ್ತದಲ್ಲ ಎಂದು ಚಪ್ಪಾಳೆ ತಟ್ಟಿ “ಹೋಶ್” ಎಂದೆ. ಅದು ಹಾರಿ ಹೋಯಿತು.

ಕಾಕಾ ನನ್ನ ಕೈ ಹಿಡಿದುಬಿಟ್ಟರು. ಹಿಡಿತ ನೋಯುವಷ್ಟಿತ್ತು. “ಅದರ ಪಾಲಿಂದು ಅದಕ್ಕ ಬಿಡಪಾ.” ಅವರ ಕಣ್ಣಲ್ಲಿ ನೀರಿತ್ತು. ಸಮುದ್ರದ್ದು ಎಂದುಕೊಂಡೆ. ನಾವು ಉಂಡು ಮುಗಿಸುವ ತನಕ ಕಾಗೆ ಮತ್ತೆ ಬರಲಿಲ್ಲ.

ಊಟವಾದ ಮೇಲೆ ಮರಳಿನ ಮೇಲೆ ಬಿದ್ದುಕೊಂಡು, “ಕಾಕಾ, ಇಂಥಾ ದಿನ ನನ್ನ ಬಾಳೇದಾಗ ಬಂದಿದ್ದಿಲ್ಲ ನೋಡ್ರಿ” ಎಂದೆ. ಅವರು ಹೇಳಬೇಕೆಂದು ಗಂಟಲು ಸರಿಮಾಡಿಕೊಂಡಿದ್ದರಂತೆ. ಆ ಮಾತು ಕೇಳಿ ಡಬ್ಬಿ ತೊಳೆಯಲು ಎದ್ದುಹೋದರು. ವೆಲ್ಡರ್ ಕ್ಯಾಮೆರಾ ತಂದಿದ್ದ. ಆಮೇಲೆ ಆ ಕಡೆ ಬಂದ ಒಬ್ಬನ ಕೈಗೆ ಕೊಟ್ಟು ಮೂವರ ಫೋಟೋ ತೆಗೆಸಿದ. ಮೂರು ಬೋಳು ತಲೆ, ನಡುವೆ ನಾನು, ಹಲ್ಲೆಲ್ಲ ಕಾಣುವ ಹಾಗೆ ನಗುತ್ತ, ಮೇಲ್ತುಟಿಯ ಮೇಲೆ ಮೀಸೆ.

ಸಂಜೆ ಬಂದರಿನ ಹತ್ತಿರ ಫೋನ್ ಬೂತು ಕಂಡಿತು. ಅವ್ವನಿಗೆ ಸಮುದ್ರದ ಸುದ್ದಿ ಹೇಳೋಣ ಎಂದೆ. “ಶುಕ್ರವಾರ ಭಾರತಕ್ಕ ಲೈನ್ ಸಿಗಂಗಿಲ್ಲ” ಎಂದು ಕಾಕಾ ತಡೆದು, ತಳೇಗಾಂವಕ್ಕೆ ಒಮ್ಮೆ ನೋಡುತ್ತೇನೆ ಎಂದು ತಾವೇ ಒಳಗೆ ಹೋದರು. ನಾನು ಹೊರಗೆ ನಿಂತು ಹುರಿಗಡಲೆ ತಿನ್ನುತ್ತಿದ್ದೆ. ಗಾಜಿನೊಳಗೆ ಅವರ ಬೆನ್ನು ಕಾಣುತ್ತಿತ್ತು. ಅವರು ಮಾತಾಡಿದ್ದು ಭೋಸರಿಯ ಬೂತಿನಲ್ಲಿ ಕಾದು ಕುಳಿತಿದ್ದ ನನ್ನ ಅಕ್ಕನ ಜೊತೆ.

“ತಲಿ ತಗಸಿದಾ ತಾಯಿ. ಮುಣಗಿದಾ. ನೀರ ಬಿಟ್ಟಾ.”

“ಅತ್ತನೇನ್ರಿ ಕಾಕಾ?”

“ಅತ್ತಾ” ಎಂದರು ಕಾಕಾ.

“ಫೋನ್ ಕೊಡ್ರಿ ಅವಗ.”

“ಈಗ ಬ್ಯಾಡ ತಾಯಿ. ಮಾತಾಡೂ ಹಂಗಿಲ್ಲ ಅಂವಾ.”

ಮರುವಾರ ವೆಲ್ಡರ್ ರಜೆಯ ಮೇಲೆ ಊರಿಗೆ ಹೊರಟ. ನಾನು ಫೋಟೋದ ಒಂದು ಪ್ರತಿಯನ್ನು ಖರ್ಜೂರದ ಡಬ್ಬಿಯ ಜೊತೆ ಅವನ ಕೈಯಲ್ಲಿಟ್ಟೆ, ಮನೆಗೆ ಕೊಡು ಎಂದು. ಅವನು ಬೇಡ ಎನ್ನಲಾರದೆ ಒಯ್ದ. ಅಕ್ಕ ಫೋಟೋ ಹಿಡಿದು ಬಹಳ ಹೊತ್ತು ನೋಡಿದಳಂತೆ.

“ಇದು ಅವತ್ತಿಂದೇನು? ಹತ್ತನೇ ದಿನದ್ದು?”

“ಹೌದ್ರಿ ಅಕ್ಕಾರ.”

“ನೀರ ಬಿಟ್ಟನೇನು ಖರೇ?”

ವೆಲ್ಡರ್ ಕಾಕಾಗೆ ಮಾತು ಕೊಟ್ಟಿದ್ದ. “ಬಿಟ್ಟಾನ್ರಿ. ನಾ ಬಾಜೂಕ ಇದ್ದೆ.”

“ಮೀಸಿ ಯಾಕ ಇಟ್ಟಾನ?”

ಯಾವತ್ತೂ ಮಾತಿಗೆ ಸೋಲದ ವೆಲ್ಡರ್ ಚಹಾ ಅರ್ಧ ಬಿಟ್ಟು ಎದ್ದು ಬಂದ.

ಹೀಗೆ, ನನಗೆ ಅವ್ವ ಸತ್ತದ್ದು ಗೊತ್ತಾಗುವ ಮೊದಲೇ, ನಾನು ಅವ್ವನ ಹತ್ತನೆಯ ದಿನ ಕಡಲಿನಲ್ಲಿ ಆಡಿ ನಕ್ಕವನೆಂದು ಭೋಸರಿಯ ಮನೆಯಲ್ಲಿ ತೀರ್ಮಾನವಾಗಿತ್ತು. ತಲೆಯನ್ನೇನೋ ಜನರಿಗಾಗಿ ತೆಗೆಸಿದ, ಚೆಂದ ಕೆಡುತ್ತದೆಂದು ಮೀಸೆ ಇಟ್ಟುಕೊಂಡ ಎಂದು ಅಕ್ಕ ಅದನ್ನು ಓದಿದಳು.

ನನಗೆ ಗೊತ್ತಾದದ್ದು ಮೂರು ವಾರದ ನಂತರ, ಭಾವ ಬರೆದ ಪತ್ರದಿಂದ. ನನಗೆಲ್ಲ ತಿಳಿದಿದೆ ಎಂದುಕೊಂಡು ಬರೆದ ಪತ್ರ. ಚಾಳಿನ ನಳದ ನೀರಿನ ಸುದ್ದಿ ಮೊದಲು, ಅಕ್ಕನ ಸೊಂಟನೋವು ಆಮೇಲೆ. ನಡುವೆ ಒಂದು ಸಾಲು: ಹತ್ತನೆಯ ದಿನ ಘಾಟಿನಲ್ಲಿ ಕಾಗೆ ಬಹಳ ಹೊತ್ತು ಪಿಂಡ ಮುಟ್ಟಲಿಲ್ಲ, ಅವ್ವನ ಜೀವ ನಿನ್ನಲ್ಲೇ ಇತ್ತು, ಕೊನೆಗೆ ನಿನ್ನ ಅಕ್ಕ “ಅಂವಾ ಅಲ್ಲೇ ನೀರು ಬಿಡ್ತಾನ, ಹೋಗು” ಎಂದು ಕೈಮುಗಿದ ಮೇಲೆ ಬಂದಿತು. ನಾನು ಆ ಸಾಲನ್ನು ಎರಡು ಸಲ ಓದಿದೆ. ಯಾರ ಅವ್ವ ಎಂದು ಯೋಚಿಸಿದೆ. ಭಾವನ ತಾಯಿ ಎಂದೋ ತೀರಿಕೊಂಡಿದ್ದರು.

ಕಾಕಾ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಪತ್ರ ನೋಡಿದರು, ನನ್ನ ಮುಖ ನೋಡಿದರು, ಅಲ್ಲೇ ಹೊಸ್ತಿಲ ಮೇಲೆ ಕುಳಿತರು. ಎಲ್ಲವನ್ನೂ ಹೇಳಿದರು. ನಾನು ಅವರನ್ನು ಹೊಡೆಯಲು ಕೈ ಎತ್ತಿದೆ. ಅವರು ಮುಖ ಮುಂದೆ ಮಾಡಿದರು. ಕೈ ಇಳಿಯಿತು.

“ಮೀಸಿ ತಗಸತೀನಿ ಈಗ” ಎಂದೆ.

“ಬ್ಯಾಡಪಾ. ನೀರ ಬಿಟ್ಟಾಗೇದ. ಒಮ್ಮಿ ಆದದ್ದು ಎರಡನೇ ಸಲ ಮಾಡಬಾರದು. ಸತ್ತಾಕಿ ಹಿಂದಕ್ಕ ತಿರಗಿ ನೋಡತಾಳ.”

ಹಿರಿಯರ ಮಾತು ಕೇಳಿ ಬೆಳೆದವನು ನಾನು. ಮೀಸೆಯನ್ನು ಹಾಗೇ ಬಿಟ್ಟೆ. ಅಕ್ಕನಿಗೆ ಎರಡು ಪತ್ರ ಬರೆದೆ, ನನಗೆ ಗೊತ್ತಿರಲಿಲ್ಲ ಎಂದು. ಉತ್ತರ ಬರಲಿಲ್ಲ. ಒಂದು ಕಡೆ ನನ್ನ ಪತ್ರ, ಇನ್ನೊಂದು ಕಡೆ ಇಬ್ಬರು ಸಾಕ್ಷಿದಾರರು ಮತ್ತು ಒಂದು ಫೋಟೋ. ಆಕೆ ಯಾವುದನ್ನು ನಂಬಬೇಕು?

ಕರಾರು ಮುಗಿಸಿ ಊರಿಗೆ ಬಂದಾಗ ಅಕ್ಕ ಬಾಗಿಲು ತೆರೆದಳು. ಕಾಲಿಗೆ ನೀರು ಕೊಟ್ಟಳು. ತಾಟು ಇಟ್ಟಳು. ಅವ್ವ ಮಲಗುತ್ತಿದ್ದ ಜಾಗದಲ್ಲಿ ಹೊಲಿಗೆಯ ಯಂತ್ರ ಬಂದಿತ್ತು. ನಾನು ಎರಡು ತುತ್ತು ಉಂಡಿರಬೇಕು.

“ಸಮುದ್ರದ ನೀರು ತಂಪಿತ್ತೇನು?” ಎಂದಳು.

ಆ ಮಾತನ್ನು ಆಕೆ ಎಷ್ಟೋ ವರ್ಷ ಆಡಿದಳು. ದಿನಾಲೂ ಅಲ್ಲ. ಹಬ್ಬದ ಊಟಕ್ಕೆ ಕುಳಿತಾಗ, ನನ್ನ ಮದುವೆಯ ಮಾತುಕತೆಯ ದಿನ, ನನ್ನ ಮಗಳ ಹೆಸರಿಡುವಾಗ. ಸಿಟ್ಟಿನಿಂದಲೂ ಅಲ್ಲ. ಬರೀ ಕೇಳುತ್ತಿದ್ದಳು, ನನ್ನ ಮೇಲ್ತುಟಿಯ ಕಡೆ ನೋಡಿ.

ಒಂದು ಭಾನುವಾರ ನಾನು ಕಾಕಾರನ್ನು ತಳೇಗಾಂವದಿಂದ ಕರೆತಂದೆ. ಅವರೂ ಹಿಂತಿರುಗಿದ್ದರು. ದಾರಿಯುದ್ದಕ್ಕೂ ಹೇಳಿದ್ದೆ, ಇದ್ದದ್ದು ಇದ್ದ ಹಾಗೆ ಹೇಳಿ ಎಂದು. ಹೂಂ ಎಂದಿದ್ದರು. ಅಕ್ಕ ಅವರ ಕಾಲಿಗೆ ನಮಸ್ಕರಿಸಿ ಎದುರಿಗೆ ಕುಳಿತಳು.

“ಕಾಕಾ, ಒಂದ ಮಾತು ಹೇಳ್ರಿ. ನಮ್ಮವ್ವಗ ಇಂವಾ ತಿಳದು ನೀರ ಬಿಟ್ಟನೋ, ಇಲ್ಲೋ?”

ಕಾಕಾ ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲೆ ಹೂ ಮುಡಿಸಿದ ಅವ್ವನ ಚಿತ್ರ ಇತ್ತು, ಅದನ್ನು ನೋಡಿದರು. “ಬಿಟ್ಟಾನ ತಾಯಿ. ತಿಳದು ಬಿಟ್ಟಾನ” ಎಂದರು.

ಬಸ್ ನಿಲ್ದಾಣದ ತನಕ ನಾನು ಅವರಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಬಸ್ಸು ಬಂದಾಗ ಅವರೇ ನನ್ನ ತೋಳು ಹಿಡಿದರು. “ನಿನ್ನ ಮಾರಿ ಉಳಸಬೇಕೋ, ಸತ್ತಾಕಿಗೆ ನೀರು ಉಳಸಬೇಕೋ? ಇಂವಗ ಗೊತ್ತಿದ್ದಿಲ್ಲ ಅಂದ್ರ ಆಕಿ ಮುಂದ ಹತ್ತನೇ ದಿನಾನೇ ಆಗಿಲ್ಲ ಅಂದಂಗ. ನಿನ್ನ ಅಕ್ಕ ಅದನ್ನ ಹೊತಗೊಂಡು ಹೆಂಗ ಬದುಕಬೇಕು? ನೀ ಗಂಡಸು, ಬೈಸಿಕೋ.” ಅವರು ಹೇಳಿದ್ದು ತಪ್ಪೆಂದು ನನಗೆ ಇಂದಿಗೂ ಅನ್ನಲು ಬಾರದು. ಸರಿ ಎನ್ನಲೂ ಬಾರದು. ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಎರಡು ಮಳೆಗಾಲ ಕಳೆದ ಮೇಲೆ ಅವರು ಹೋದ ಸುದ್ದಿ ಬಂತು.

ನಾನು ಪುಣೆಯ ಅಂಚಿನ ವಾಕಡದಲ್ಲಿ ಏಳುತ್ತಿದ್ದ ದೊಡ್ಡ ದೊಡ್ಡ ಕಟ್ಟಡಗಳಿಗೆ ನೀರಿನ ಪೈಪು ಹಾಕಿಸುವ ಕೆಲಸ ಹಿಡಿದೆ. ಬೈಸಿಕೊಂಡೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಭಾವ ಒಂದು ಮಧ್ಯಾಹ್ನ ತಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎದೆ ಹಿಡಿದು ಕುಸಿದು ತೀರಿಕೊಂಡರು.

ಹತ್ತನೆಯ ದಿನ ಅದೇ ಇಂದ್ರಾಯಣಿಯ ಘಾಟು. ನೀರು ಮೊದಲಿನ ಹಾಗಿರಲಿಲ್ಲ, ನೊರೆ ತೇಲುತ್ತಿತ್ತು, ಕಾರ್ಖಾನೆಯ ವಾಸನೆ. ಅಕ್ಕನ ಮಗ ಮೆಟ್ಟಿಲ ಮೇಲೆ ನಾವಿದನ ಮುಂದೆ ಕುಳಿತ. ಮದುವೆಯಾದ ಗಂಡಸು, ಅಪ್ಪನ ಹಾಗೆಯೇ ದಪ್ಪ ಮೀಸೆ. ತಲೆ ಮುಗಿಯಿತು. ನಾವಿದ ಕತ್ತಿಗೆ ನೀರು ಹಚ್ಚುತ್ತ ಮರಾಠಿಯಲ್ಲಿ ಕೇಳಿದ: “ಆಯಿ ಆಹೇ ನಾ? ಮಿಶಿ ಕಾಢೂ ಕಾ?” ತಾಯಿ ಇದ್ದಾಳಲ್ಲ, ಮೀಸೆ ತೆಗೆಯಲೇ ಎಂದು.

ಮಗ ಅವನ ಮಾತು ಮುಗಿಯುವ ಮೊದಲೇ ಮುಖ ಮೇಲಕ್ಕೆತ್ತಿ ಕೊಟ್ಟ. “ಬಾಬಾ ಗೇಲೇ” ಎಂದ. ಅಪ್ಪ ಹೋದರು ಎಂದು. ಅದನ್ನು ಕೇಳಬೇಕೇ ಎಂಬಂತಿತ್ತು ದನಿ. ಕತ್ತಿ ಎರಡು ಸಲ ಆಡಿತು. ಮೇಲ್ತುಟಿ ಬೆಳ್ಳಗೆ, ಮಗುವಿನದರ ಹಾಗೆ ಕಂಡಿತು.

ಅಕ್ಕ ಮೇಲಿನ ಮೆಟ್ಟಿಲ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಮಗನನ್ನು ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ನಾನು ಭಾವನ ಪಿಂಡದ ಅನ್ನದ ಪಾತ್ರೆ ಹಿಡಿದು ನಿಂತಿದ್ದೆ. ಆಕೆಯ ಕಣ್ಣು ನನ್ನ ಬಾಯಿಯ ಮೇಲೆ ನಿಂತಿತು, ಎಂದಿನ ಹಾಗೆ. ಆದರೆ ಈ ಸಲ ಬೇಗ ಸರಿಯಲಿಲ್ಲ.

“ಇಲ್ಲಿ ಬಾ” ಅಂದಳು. ಹೋದೆ.

“ಅಪ್ಪ ಹೋದಾಗ ನಿನಗ ಯಾರರೆ ಕೇಳಿದ್ರೇನು, ಮೀಸಿ ತಗೀಲೋ ಬ್ಯಾಡೋ ಅಂತ?”

“ಇಲ್ಲ.”

“ಬ್ಯಾಡ ಅನಬೇಕಂತ ನಿನ್ನ ಮನಸಿಗೆ ಬಂದಿತ್ತೇನು?”

“ಇಲ್ಲಕ್ಕಾ.”

ನದಿಯ ಕಡೆ ತಿರುಗಿದಳು. “ಇಷ್ಟು ವರ್ಷ ಆ ಫೋಟೋ ನೋಡೀನಿ. ಮೀಸಿ ನೋಡಿ ಸಿಟ್ಟಾಗೀನೇ ಹೊರತು, ಯಾಕ ಉಳೀತು ಅಂತ ಒಂದ ಸಲಾನೂ ಕೇಳಕೊಂಡಿಲ್ಲ ನೋಡು. ಗೊತ್ತಿದ್ದಾಂವ ಆಗಿದ್ರ ನೀ ಅದನ್ನ ಇಟ್ಟಿರತಿದ್ದಿಲ್ಲ. ಅವ್ವಗ ಮೋಸಾ ಮಾಡಾಂವನೂ ಮೀಸಿ ಮದಲ ತಗಸತಾನ, ಮಂದಿ ನೋಡಲಿ ಅಂತ. ನಿನಗ ಖರೇನ ಗೊತ್ತಿದ್ದಿಲ್ಲ.”

ನಾನು ಹತ್ತು ವರ್ಷ ಕಾದ ಮಾತು ಅದು. ಬಂದಾಗ ಹಿಡಿದುಕೊಳ್ಳಲು ಕೈ ಏಳಲಿಲ್ಲ. ಏಕೆಂದರೆ ಆಕೆಯ ಮುಖ ಬಿಳಿಚಿಕೊಂಡಿತ್ತು. ಆಕೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಳು, ಕಾಕಾ ಯಾವುದಕ್ಕೆ ಹೆದರಿದ್ದರೋ ಅಲ್ಲಿಗೆ.

“ಹಂಗಾದ್ರ ಅವ್ವಗ ನೀರು ಮುಟ್ಟಿಲ್ಲ” ಅಂದಳು. “ನಾ ಕಾಗಿಗೆ ಸುಳ್ಳು ಹೇಳಿದೆ. ನಿನ್ನ ಮಗಾ ಅಲ್ಲಿ ನೀರ ಬಿಡ್ತಾನ, ಹೋಗು ಅಂದೆ. ಆಕಿ ನನ್ನ ಮಾತು ನಂಬಿ ಹೋದಳು.”

ಬಿಟ್ಟಿದ್ದೆನಕ್ಕಾ, ಆಯುಷ್ಯ ಬೇಡಿ ಬಿಟ್ಟಿದ್ದೆ ಎಂದು ಹೇಳಲು ಬಾಯಿ ತೆರೆದೆ. ಬಂಡೆಯ ಮೇಲಿನ ಕಾಗೆ ನೆನಪಾಯಿತು. ಚಪ್ಪಾಳೆ ತಟ್ಟಿದ ಎರಡು ಕೈಗಳೂ ಇಲ್ಲೇ ಇದ್ದವು, ಭಾವನ ಅನ್ನದ ಪಾತ್ರೆ ಹಿಡಿದುಕೊಂಡು. ಹೇಳಲಿಲ್ಲ.

ಅಕ್ಕ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡಳು. ಕತ್ತಿ ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದ ನಾವಿದನಿಗೆ, “ಥಾಂಬಾ ಭಾವೂ” ಎಂದಳು. ನಿಲ್ಲು ತಮ್ಮಾ ಎಂದು. ಆಮೇಲೆ ನನಗೆ, ಕನ್ನಡದಲ್ಲಿ:

“ಕುಂಡ್ರು.”

ನಾನು ಅಕ್ಕನ ಮಗ ಕುಳಿತೆದ್ದ ಹಸಿ ಮೆಟ್ಟಿಲ ಮೇಲೆ ಕುಳಿತೆ. ನಾವಿದ ನನ್ನ ವಯಸ್ಸು ನೋಡಿದ, ನರೆತ ಮೀಸೆ ನೋಡಿದ. ಯಾರು ಸತ್ತರೆಂದು ಕೇಳಿದ.

“ಆಯಿ” ಎಂದೆ.

ಯಾವಾಗ ಎಂದು ಅವನು ಕೇಳಲಿಲ್ಲ. ನದಿಯ ನೀರನ್ನೇ ಅಂಗೈಯಲ್ಲಿ ತೆಗೆದು ಮೇಲ್ತುಟಿಗೆ ಹಚ್ಚಿದ. ಅದು ತಂಪಾಗಿತ್ತು.